ಲವಂಗದ ಭಟ್ಟಿ

ಉಡಚಮ್ಮನ ಹೆಸರು ಮೊದಲ ಸಲ ಪೇಪರಿನಲ್ಲಿ ಬಂದದ್ದು ಭಟ್ಟಿ ಒಡೆದದ್ದಕ್ಕೆ. ನಮ್ಮ ಮಟ್ಟಿಕೊಪ್ಪದ ಹಳ್ಳದ ದಂಡೆಯಲ್ಲಿ ಯಾರೋ ಕಳ್ಳಭಟ್ಟಿ ಹೂಡಿ ಸಾರಾಯಿ ಇಳಿಸುತ್ತಿದ್ದರು. ಅವಳು ಒನಕೆ ತೆಗೆದುಕೊಂಡು ಹೋಗಿ ಮಡಕೆ, ಪೀಪಾಯಿ, ಕೊಳವೆ ಎಲ್ಲವನ್ನೂ ಪುಡಿ ಮಾಡಿದಳು. ಪೇಪರಿನವರು ಅವಳ ಹೆಸರನ್ನು ಉಡುಪಮ್ಮ ಎಂದು ಅಚ್ಚು ಹಾಕಿದರು. ನಾನು ಸಿಟ್ಟಿನಿಂದ ಫೋನ್ ಮಾಡಲು ಹೊರಟೆ. ಅವಳು ಫೋಟೋ ನೋಡಿ, “ಒನಕೆ ಚೆಂದ ಬಂದೈತೆ, ಬಿಡೇ” ಎಂದಳು.

ನಾನು ವನಜಾಕ್ಷಿ. ಹೊಲಿಗೆ ಮಿಷನ್ ಇಟ್ಟುಕೊಂಡಿದ್ದೇನೆ. ಸವಳಂಗದ ರಸ್ತೆಯಿಂದ ಒಳಗೆ ಸರಿದರೆ ಸಿಗುವ ಊರು ನಮ್ಮದು, ನ್ಯಾಮತಿ ತಾಲ್ಲೂಕು. ಇಲ್ಲಿಯ ಹೆಂಗಸರ ಸಂಘಕ್ಕೆ ಉಡಚಮ್ಮ ಅಧ್ಯಕ್ಷೆ, ನಾನು ಕಾರ್ಯದರ್ಶಿ. ಅಂದರೆ ಕೂಗುವುದು ಅವಳು, ಬರೆಯುವುದು ನಾನು. ಅವಳೇ ಭಟ್ಟಿ ಹೂಡಿದ ಕಥೆಯನ್ನು ಈಗ ಊರಲ್ಲಿ ಬಾಯಿಗೊಂದು ಥರ ಹೇಳುತ್ತಾರೆ. ಹೇಳುವವರಲ್ಲಿ ಅರ್ಧ ಜನ ಅಲ್ಲಿ ಇರಲೇ ಇಲ್ಲ. ಇದ್ದವರಲ್ಲಿ ಅರ್ಧ ಜನ ನೆಟ್ಟಗೆ ನಿಲ್ಲುವ ಸ್ಥಿತಿಯಲ್ಲಿರಲಿಲ್ಲ. ಹಾಗಾಗಿ ನಾನೇ ಹೇಳುತ್ತೇನೆ, ನಡುವೆ ಯಾರೂ ಬಾಯಿ ಹಾಕಬಾರದು.

ಅವಳು ಹುಟ್ಟಿದ್ದು ಜಗಳೂರು ಕಡೆಯ ಒಂದು ಹಳ್ಳಿಯಲ್ಲಿ. ಮದುವೆಯಾಗಿ ಇಲ್ಲಿಗೆ ಬಂದಾಗ ಹುಡುಗಿಯ ದನಿ ದೊಡ್ಡದು ಎಂದು ಅತ್ತೆ ಮೂಗು ಮುರಿದಳಂತೆ. ಗಂಡ ಬೀರಲಿಂಗಪ್ಪ ಒಳ್ಳೆಯ ಮನುಷ್ಯ. ಬೇಸಾಯ ಬಲ್ಲ, ಎತ್ತಿನ ಸ್ವಭಾವ ಬಲ್ಲ, ಯಾರ ಮೇಲೂ ಕೈ ಎತ್ತಿದವನಲ್ಲ. ಕುಡಿಯುತ್ತಿದ್ದ. ಕುಡಿದರೆ ಜಗಳ ಮಾಡುತ್ತಿರಲಿಲ್ಲ, ಮಲಗುತ್ತಿದ್ದ. ಎಲ್ಲಿ ಮಲಗುತ್ತಾನೆ ಎನ್ನುವುದೇ ತೊಂದರೆಯಾಗಿತ್ತು. ಒಮ್ಮೆ ಹಾಲಿನ ಡೈರಿಯಲ್ಲಿ ಕ್ಯಾನುಗಳ ನಡುವೆ ಮಲಗಿದ್ದ. ಒಮ್ಮೆ ಯಾರದೋ ಮದುವೆ ಚಪ್ಪರದಲ್ಲಿ ಮದುಮಗನ ಕುರ್ಚಿಯ ಮೇಲೆಯೇ ಮಲಗಿಬಿಟ್ಟ, ಮದುಮಗ ಮುಹೂರ್ತದ ತನಕ ನಿಂತೇ ಇದ್ದ. ಉಡಚಮ್ಮ ಹೋಗಿ ಗಂಡನನ್ನು ಹೆಗಲಿಗೆ ಹಾಕಿಕೊಂಡು ಬರುತ್ತಿದ್ದಳು. ಆಗ ಮಗಳು ಅಂಬಿಕಾ ಅವಳ ಹೊಟ್ಟೆಯಲ್ಲಿದ್ದಳು. ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ಆ ಕಾಲದಲ್ಲಿ ಊರ ಕ್ರಾಸಿನಲ್ಲೇ ವೈನ್ ಶಾಪ್ ಇತ್ತು. ಅಂಬಿಕಾ ಹೈಸ್ಕೂಲು ಸೇರುವ ಹೊತ್ತಿಗೆ ಉಡಚಮ್ಮ ನಮ್ಮನ್ನೆಲ್ಲ ಕಟ್ಟಿಕೊಂಡು ಹೋಗಿ ಅದರ ಬಾಗಿಲ ಮುಂದೆ ಒಲೆ ಹೂಡಿದಳು. ಧರಣಿ ಗಿರಣಿ ಎಂದು ನಾವು ಬೋರ್ಡು ಬರೆಸಲಿಲ್ಲ. ಮೂರು ಹೊತ್ತೂ ಅಡಿಗೆಯನ್ನು ಅಲ್ಲೇ ಮಾಡಿದೆವು. ಕುಡಿಯಲು ಬಂದವರಿಗೆ ಅವರವರ ಹೆಂಡಂದಿರೇ ತಟ್ಟೆ ಹಾಕಿ ಅನ್ನ ಬಡಿಸಿದರು. ಹೆಂಡತಿ ಎದುರಿಗೆ ಸಾರಿನ ಸೌಟು ಹಿಡಿದು ಕೂತಿರುವಾಗ ಕ್ವಾರ್ಟರ್ ಕೇಳುವ ಧೈರ್ಯ ನಮ್ಮೂರಿನ ಯಾವ ಗಂಡಸಿಗೂ ಬರಲಿಲ್ಲ. ಅಂಗಡಿ ಸವಳಂಗಕ್ಕೆ ಹೋಯಿತು. ಸ್ವಲ್ಪ ಕಾಲಕ್ಕೆ ಬೀರಲಿಂಗಪ್ಪನೂ ಕುಡಿಯುವುದನ್ನು ಬಿಟ್ಟ.

ಇದೇ ಉಡಚಮ್ಮನ ಭಾಷಣವಾಯಿತು. ಚನ್ನಗಿರಿ, ಹೊನ್ನಾಳಿ ಎಂದು ಎಲ್ಲಿ ಹೆಂಗಸರ ಸಭೆಗೆ ಕರೆದರೂ ಮೈಕಿನ ಮುಂದೆ ನಿಂತು, “ಅಂಗಡಿ ಹೋಯ್ತು, ನನ್ನ ಗಂಡ ಬಿಟ್ಟ, ನೀವೂ ಹಂಗೇ ಮಾಡ್ರಿ” ಎಂದು ಹೇಳಿ ಕುಳಿತುಬಿಡುತ್ತಿದ್ದಳು. ಚನ್ನಗಿರಿಯಲ್ಲಿ ಒಬ್ಬ ಹೆಂಗಸು ಇದನ್ನು ಗಂಡ ಬಿಟ್ಟು ಹೋದ ಎಂದು ತಿಳಿದು ಇವಳ ಕೈ ಹಿಡಿದುಕೊಂಡು ಅತ್ತಳು. ಆದರೂ ಭಾಷಣಕ್ಕೆ ಇನ್ನೊಂದು ಮಾತು ಸೇರಿಸಲು ಉಡಚಮ್ಮ ಒಪ್ಪಲಿಲ್ಲ.

ಕಳೆದ ವರ್ಷ ತಿಪ್ಪೇಶಪ್ಪ ಅದೇ ಕ್ರಾಸಿನಲ್ಲಿ ಮಳಿಗೆ ಕಟ್ಟಿಸಿದ. ತಿಪ್ಪೇಶಪ್ಪ ಅಂದರೆ ಗೊಬ್ಬರದ ಅಂಗಡಿಯವನು, ಬಿಳಿ ಅಂಗಿಯ ಜೇಬಿನಲ್ಲಿ ಮೂರು ಪೆನ್ನು ಇಟ್ಟುಕೊಳ್ಳುತ್ತಾನೆ, ಒಂದರಲ್ಲೂ ಬರೆದದ್ದನ್ನು ನಾನು ಕಂಡಿಲ್ಲ. ಮಳಿಗೆಗೆ ಬಾಡಿಗೆಗೆ ಯಾರು ಬರುತ್ತಾರೆ ಎಂದು ಕೇಳಿದರೆ ಸುಮ್ಮನೆ ನಗುತ್ತಿದ್ದ. ಆಮೇಲೆ ಗೊತ್ತಾಯಿತು, ವೈನ್ ಶಾಪ್. ಬೇಕೋ ಬೇಡವೋ ಎಂದು ಗ್ರಾಮಸಭೆಯಲ್ಲಿ ಜನರ ಕೈ ಎತ್ತಿಸಿ ತೀರ್ಮಾನ ಮಾಡುವುದೆಂದು ಪಂಚಾಯಿತಿಯವರು ಹೇಳಿದರು. ಊರು ಯಾವ ಕಡೆ ವಾಲುತ್ತದೋ ಹೇಳಲು ಬರುವಂತಿರಲಿಲ್ಲ. ಉಡಚಮ್ಮ ಮನೆಮನೆಗೆ ತಿರುಗಿದಳು. ಎಲ್ಲರೆದುರು ಗಟ್ಟಿಯಾಗಿ ಮಾತಾಡಿದಳು. ನನ್ನ ಅಂಗಡಿಗೆ ಬಂದು ಬಾಗಿಲು ಮುಂದಕ್ಕೆ ಮಾಡಿ ಮಾತ್ರ, “ಅಂಗಡಿ ಬಂದ್ರೆ ಇವನು ಮತ್ತೆ ಹಿಡೀತಾನೆ ಕಣೇ ವನಜಾ. ಈಗ ನನ್ನ ಹೆಗಲಾಗೆ ಶಕ್ತಿ ಇಲ್ಲ” ಎಂದಳು. ಅವಳು ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸರಿಯಾಗಿ ಅದೇ ಸಮಯಕ್ಕೆ ಅಂಬಿಕಾ ಊರಿಗೆ ಬಂದು, ಮನೆಯಲ್ಲಿ ಭಟ್ಟಿ ಹೂಡಬೇಕು ಎಂದಳು.

ಅಂಬಿಕಾ ದಾವಣಗೆರೆಯಲ್ಲಿ ಎಂಎಸ್ಸಿ ಓದುತ್ತಾಳೆ, ಮೈಕ್ರೋಬಯಾಲಜಿ. ಕಣ್ಣಿಗೆ ಕಾಣದ ಹುಳಗಳ ವಿದ್ಯೆ ಎಂದು ನಾವು ಅರ್ಥ ಮಾಡಿಕೊಂಡಿದ್ದೇವೆ, ಬ್ಯಾಕ್ಟೀರಿಯಾ ಹುಳ ಅಲ್ಲ ಎಂದು ಅವಳು ಹೇಳಿ ಹೇಳಿ ಸೋತಿದ್ದಾಳೆ. ಅಡಿಗೆಮನೆಯ ಮಸಾಲೆಯಿಂದ ತೆಗೆದ ಎಣ್ಣೆ ಬ್ಯಾಕ್ಟೀರಿಯಾವನ್ನು ಸಾಯಿಸುತ್ತದೋ ಇಲ್ಲವೋ ನೋಡುವುದು ಅವಳ ಪ್ರಾಜೆಕ್ಟು. ಲವಂಗ, ಓಮ, ಚಕ್ಕೆ, ಜೀರಿಗೆ. ಸಾಯಿಸಲಿಕ್ಕೆ ಬ್ಯಾಕ್ಟೀರಿಯಾ ಬೇಕಲ್ಲ, ಅದಕ್ಕಾಗಿ ಹಿಂದಿನ ಸಲ ಬಂದಾಗ ಹತ್ತಿ ಸುತ್ತಿದ ಕಡ್ಡಿ ಹಿಡಿದು ಮನೆಯೆಲ್ಲ ಒರೆಸಿದ್ದಳು. ಒಲೆಕಟ್ಟೆ, ಈಳಿಗೆಮಣೆ, ಪಾತ್ರೆ ಇಳಿಸುವ ಮಸಿಬಟ್ಟೆ. ನನ್ನ ಅಂಗಡಿಗೂ ಬಂದು ಅಳತೆ ಟೇಪನ್ನು ಒರೆಸಿಕೊಂಡು ಹೋಗಿದ್ದಳು. ಈಗ ಫೋನಿನಲ್ಲಿ ಫೋಟೋ ತೋರಿಸಿದಳು. ಗಾಜಿನ ತಟ್ಟೆಗಳಲ್ಲಿ ಗಂಜಿಯ ಕೆನೆಯಂತೆ ಏನೋ ಹಬ್ಬಿತ್ತು. ಎಲ್ಲಕ್ಕಿಂತ ಹುಲುಸಾಗಿ ಬೆಳೆದದ್ದು ಉಡಚಮ್ಮನ ಮಸಿಬಟ್ಟೆಯದು.

“ನನ್ನ ಅಡಿಗೆಮನಿ ಮಾನ ದಾವಣಗೆರೆ ತಂಕ ಕಳೆದು ಬಂದಿಯೇನೇ?”

“ಹೆಸರು ಹಾಕಿಲ್ಲಮ್ಮ. ಸ್ಯಾಂಪಲ್ ಮೂರು ಅಂತ ಬರ್ದೀನಿ.”

“ನನ್ನ ಟೇಪು?” ಎಂದೆ.

“ನಿಮ್ದು ಸೆಕೆಂಡ್ ಪ್ಲೇಸ್, ಆಂಟಿ.”

ಉಡಚಮ್ಮ ಮಸಿಬಟ್ಟೆಯನ್ನು ಕುದಿಯಲು ಇಟ್ಟಳು. ನಾನು ಟೇಪು ಬಿಸಾಕಿದೆ.

ಆ ತಟ್ಟೆಯ ನಡುವೆ ಎಣ್ಣೆಯಲ್ಲಿ ಅದ್ದಿದ ಕಾಗದದ ಬಿಲ್ಲೆ ಇಡುತ್ತಾರಂತೆ. ಎಣ್ಣೆಯಲ್ಲಿ ಶಕ್ತಿ ಇದ್ದರೆ ಬಿಲ್ಲೆಯ ಸುತ್ತ ಬರಿದಾದ ಒಂದು ಉಂಗುರ ಮೂಡುತ್ತದೆ. ಅಷ್ಟು ಜಾಗದಲ್ಲಿ ಏನೂ ಬೆಳೆಯುವುದಿಲ್ಲ. ಉಂಗುರ ಅಗಲವಾದಷ್ಟೂ ಎಣ್ಣೆ ಗಟ್ಟಿ. ಓಮದ್ದು ಅಗಲವಾಗಿಯೇ ಬಂದಿತ್ತು, ಜೀರಿಗೆಯದು ನಾಚಿಕೊಂಡಂತೆ ಸಣ್ಣದಾಗಿತ್ತು. ಎಣ್ಣೆ ಬ್ಯಾಕ್ಟೀರಿಯಾದ ಮೈಮೇಲಿನ ಪೊರೆಯನ್ನೇ ತೂತು ಮಾಡುತ್ತದೆ, ಒಳಗಿನದು ಸೋರಿಹೋಗುತ್ತದೆ ಎಂದು ಅಂಬಿಕಾ ಹೇಳಿದಳು.

“ಶಾಲೆ ಸುತ್ತ ಇಷ್ಟು ದೂರ ಬ್ರಾಂದಿ ಅಂಗಡಿ ಇಡಬಾರದು ಅಂತ ಐತಲ್ಲ, ಹಂಗೆ” ಎಂದಳು ಉಡಚಮ್ಮ.

“ಹಂಗೇ ಅನ್ಕೋ.”

“ನಿನ್ನ ಹುಳಾನೇ ವಾಸಿ, ಕಾನೂನು ಕೇಳ್ತಾವೆ.”

ಲವಂಗ ಒಂದು ಉಳಿದಿತ್ತು. ಅಂಗಡಿಯಲ್ಲಿ ಸಿಗುವ ಎಣ್ಣೆಗೆ ಏನೇನು ಬೆರೆಸಿರುತ್ತಾರೋ, ನೀವೇ ಇಳಿಸಬೇಕು ಎಂದು ಪ್ರಾಜೆಕ್ಟಿನ ಮೇಡಂ ಕಟ್ಟುನಿಟ್ಟು ಮಾಡಿದ್ದರು. ಅಷ್ಟರಲ್ಲಿ ಕಾಲೇಜಿನಲ್ಲಿ ಎಣ್ಣೆ ಇಳಿಸುವ ಗಾಜಿನ ಉಪಕರಣ ಯಾರದೋ ಮೊಣಕೈ ತಗುಲಿ ಒಡೆದಿತ್ತು. ಹೊಸದಕ್ಕೆ ಟೆಂಡರ್ ಆಗಬೇಕಂತೆ. ಟೆಂಡರ್ ಎಂದ ಕೂಡಲೇ ನಮಗೆ ಪರಿಸ್ಥಿತಿ ಅರ್ಥವಾಯಿತು. ಅಂಬಿಕಾ ಉಪಕರಣದ ಚಿತ್ರ ಬರೆದು ತೋರಿಸಿದಳು. ಕೆಳಗೆ ಬೆಂಕಿ, ಮೇಲೆ ಪಾತ್ರೆ, ಪಾತ್ರೆಯಿಂದ ಕೊಳವೆ, ಕೊಳವೆ ತಣ್ಣೀರಿನಲ್ಲಿ ಹಾದು ಹೊರಗೆ, ತೊಟ್ಟಿಕ್ಕಿದ್ದಕ್ಕೆ ಬಾಟಲಿ.

ಉಡಚಮ್ಮ ಚಿತ್ರವನ್ನು ದೂರ ಹಿಡಿದು ನೋಡಿದಳು. “ಇದು ಭಟ್ಟಿ.”

“ಭಟ್ಟಿನೇ. ಆದ್ರೆ ಸಾರಾಯಿದಲ್ಲ.”

“ನಾನು ಒಡೆದವೆಲ್ಲ ಹಿಂಗೇ ಇದ್ವು.”

“ಹಂಗಾದ್ರೆ ನಿಂಗೆ ಕಟ್ಟಾಕೆ ಬರ್ತೈತಲ್ಲ?”

ಉಡಚಮ್ಮ ಬಹಳ ಹೊತ್ತು ಯೋಚಿಸಿದಳು. ಗ್ರಾಮಸಭೆ ಹತ್ತಿರ ಬಂದಿದೆ, ಹೆಂಡದ ವಿರುದ್ಧ ಊರೂರು ಕೂಗಿದವಳ ಹಿತ್ತಲಲ್ಲಿ ಭಟ್ಟಿ. ಆದರೆ ಮಗಳ ಒಂದು ವರ್ಷದ ಓದು. ಕೊನೆಗೆ, ಮಾಡುವುದಾದರೆ ಹಗಲಲ್ಲಿ, ಬಾಗಿಲು ತೆಗೆದಿಟ್ಟು, ವನಜಾಕ್ಷಿಯನ್ನು ಎದುರಿಗೆ ಕೂರಿಸಿಕೊಂಡು ಮಾಡುವುದು ಎಂದು ತೀರ್ಮಾನಿಸಿದಳು. ನನ್ನನ್ನು ಕೇಳಲಿಲ್ಲ. ಅಧ್ಯಕ್ಷರು ಕೇಳುವುದಿಲ್ಲ.

ತಾಮ್ರದ ಕೊಳವೆಗೆ ಅಂಬಿಕಾ ಹೊನ್ನಾಳಿಯ ಫ್ರಿಜ್ ರಿಪೇರಿ ಸಿದ್ದೇಶನ ಹತ್ತಿರ ಹೋದಳು. ಯಾಕೆ ಎಂದು ಅವನು ಕೇಳಿದ. “ಎಣ್ಣೆ ಇಳಿಸಾಕೆ” ಎಂದುಬಿಟ್ಟಳು. ನಮ್ಮ ಕಡೆ ಎಣ್ಣೆ ಅಂದರೆ ತಲೆಗೆ ಹಚ್ಚುವುದೂ ಹೌದು, ತಲೆಗೆ ಏರುವುದೂ ಹೌದು. ಯಾವುದು ಎಂದು ಬಿಡಿಸಿ ಹೇಳದಿದ್ದರೆ ಕೇಳಿದವರು ಎರಡನೆಯದನ್ನೇ ಹಿಡಿಯುತ್ತಾರೆ. ಓದಿದ ಹುಡುಗಿಗೆ ಇಷ್ಟು ಗೊತ್ತಾಗಬಾರದೇ? ಅವಳು ಕೊಳವೆ ಹಿಡಿದು ಬಸ್ಸಿಳಿಯುವ ಮೊದಲೇ ಸುದ್ದಿ ತಿಪ್ಪೇಶಪ್ಪನ ಗೊಬ್ಬರದ ಅಂಗಡಿಗೆ ಬಂದು ಕುಳಿತಿತ್ತು.

ಹಿತ್ತಲಲ್ಲಿ ದೊಡ್ಡ ಕುಕ್ಕರ್ ಒಲೆಗೇರಿತು. ಸೀಟಿ ತೆಗೆದು ಆ ಜಾಗಕ್ಕೆ ಕೊಳವೆ, ಕೊಳವೆಯ ಸುರುಳಿ ಬಕೆಟ್ಟಿನ ನೀರಿನಲ್ಲಿ, ಸಂದಿಗಳಿಗೆಲ್ಲ ಮೈದಾ ಹಿಟ್ಟು. ಉಡಚಮ್ಮ ಪಟಪಟನೆ ಜೋಡಿಸಿದಳು. ಆದರೆ ಅವಳು ಭಟ್ಟಿ ಒಡೆದವಳೇ ಹೊರತು ಕಾಯಿಸಿದವಳಲ್ಲ. ದೊಡ್ಡ ಉರಿ ಹಾಕಿದಳು. ಕುಟ್ಟಿದ ಲವಂಗ ಉಕ್ಕಿ ಕೊಳವೆಗೆ ನುಗ್ಗಿ, ಬಾಟಲಿಗೆ ಚಹಾದಂಥ ಕಂದು ನೀರು ಬಂತು. ಅಂಬಿಕಾ ತಲೆ ಮೇಲೆ ಕೈ ಇಟ್ಟುಕೊಂಡಳು.

“ಉರಿ ತಗಿ. ಸಣ್ಣಗೆ ಇರಬೇಕು. ತೊಟ್ಟು ತೊಟ್ಟು ಬೀಳಬೇಕು, ಧಾರೆ ಆಗಬಾರದು” ಎಂದಿತು ಹಿಂದಿನಿಂದ ಒಂದು ದನಿ. ಬೀರಲಿಂಗಪ್ಪ ಒಗೆಯುವ ಕಲ್ಲಿನ ಮೇಲೆ ಕುಳಿತು ನೋಡುತ್ತಿದ್ದ. “ಬಕೀಟಿನ ನೀರು ಬಿಸಿ ಆಗ್ತಿದ್ದಂಗೆ ಬದಲು ಮಾಡ್ಬೇಕು. ಹಿಟ್ಟು ಅಲ್ಲ, ಮೆತ್ತಾಕೆ ಮಣ್ಣು ಬೇಕು.”

“ನಿಂಗೆ ಹೆಂಗೆ ಗೊತ್ತು?” ಎಂದಳು ಉಡಚಮ್ಮ.

“ಭಟ್ಟಿ ಮುಂದೆ ಕಾಯ್ಕೊಂಡು ಕೂತಿರ್ತಿದ್ದೆನಲ್ಲ, ಆವಾಗ” ಎಂದ ಅವನು, ನಿಷ್ಠುರವಿಲ್ಲದೆ.

ಎರಡನೇ ಸಲದ ಉರಿ ಅವನ ಕೈಗೆ ಬಂತು. ಅವನು ಕಡ್ಡಿ ಕಡ್ಡಿಯಾಗಿ ಸೌದೆ ಸರಿಸಿದ, ಅವಳು ಬಕೆಟ್ಟಿಗೆ ನೀರು ಹೊತ್ತು ಸುರಿದಳು. ಓಣಿಯೆಲ್ಲ ಲವಂಗದ ಘಮ. ಯಾರ ಮನೆಯಲ್ಲಿ ಬಿರಿಯಾನಿ ಎಂದು ಇಬ್ಬರು ಬಂದು ವಿಚಾರಿಸಿ, ಕೊಳವೆ ನೋಡಿ, ಮುಖ ಮುಖ ನೋಡಿಕೊಂಡು ಹೋದರು. ತಿಪ್ಪೇಶಪ್ಪ ಕಾಂಪೌಂಡಿನ ಮೇಲಿಂದ ಫೋನು ಎತ್ತಿ ಫೋಟೋ ಹೊಡೆದುಕೊಂಡ. ನಾನು ಅವನಿಗೆ ನಾಲ್ಕು ಮಾತು ಬೈದೆ. ಇವರಿಬ್ಬರಿಗೆ ಅದು ಕೇಳಿಸಿದ ಹಾಗೆ ಕಾಣಲಿಲ್ಲ. ಗಂಡ ಹೆಂಡತಿ ಒಂದೇ ಒಲೆಯ ಮುಂದೆ ಅಷ್ಟು ಹೊತ್ತು ಕುಳಿತು, ಸಣ್ಣಗೆ ಮಾತಾಡಿಕೊಂಡು, ಒಂದೆರಡು ಸಲ ನಕ್ಕಿದ್ದನ್ನು ನಾನು ಅದುವರೆಗೂ ನೋಡಿರಲಿಲ್ಲ. ನನಗೆ ನಿಜವಾಗಿ ಸಂತೋಷವಾಯಿತು.

ಬಾಟಲಿಯಲ್ಲಿ ಹಾಲು ಕಲಸಿದಂತೆ ಬೆಳ್ಳಗಿನ ನೀರು ತುಂಬಿತು. ಎಣ್ಣೆ ಎಲ್ಲಿ ಎಂದು ನಾವು ಮೇಲೆ ಹುಡುಕಿದೆವು. ಬೀರಲಿಂಗಪ್ಪ ಎತ್ತು ಬಿಚ್ಚಿ ನೀರು ಕುಡಿಸಲು ಹೋದ ಮೇಲೆ ಅಂಬಿಕಾ ಬಾಟಲಿಯ ತಳ ತೋರಿಸಿದಳು. ಹಳದಿ ಬಣ್ಣದ ಗುಂಡು ಗುಂಡು ಹನಿಗಳು ಕೆಳಗೆ ಸೇರಿಕೊಂಡಿದ್ದವು. ಓಮದ ಎಣ್ಣೆ ತೇಲುತ್ತದೆ, ಲವಂಗದ್ದು ನೀರಿಗಿಂತ ಭಾರ, ಮುಳುಗುತ್ತದೆ. ಬೇರೆ ಮಾಡುವುದನ್ನು ಕಾಲೇಜಿನಲ್ಲಿ ಮಾಡುತ್ತೇನೆ ಎಂದು ಅವಳು ಬಾಟಲಿಯನ್ನು ಅಡಿಗೆಮನೆಯ ಗೂಡಿನಲ್ಲಿಟ್ಟಳು. ಆಮೇಲೆ ಗೆಳತಿಗೆ ಫೋನು ಮಾಡಿ, “ಎಣ್ಣೆ ರೆಡಿ ಕಣೇ, ಪ್ಯೂರ್ ಮಾಲು, ನಾಳೆ ತರ್ತೀನಿ” ಎಂದು ಪಡಸಾಲೆಯಲ್ಲಿ ನಿಂತು ಜೋರಾಗಿ ಹೇಳಿದಳು.

ಬೆಳಿಗ್ಗೆ ನಾನು ರವಿಕೆ ಕೊಡಲು ಹೋದಾಗ ಅಂಬಿಕಾ ಬಾಟಲಿ ಹಿಡಿದು ನಡುಮನೆಯಲ್ಲಿ ನಿಂತಿದ್ದಳು. ಮುಕ್ಕಾಲು ಖಾಲಿ. ತಳದ ಎಣ್ಣೆ ಮಾತ್ರ ಬಹುಪಾಲು ಹಾಗೇ ಇತ್ತು.

“ಬೆಕ್ಕು ಉರುಳಿಸಿರಬೇಕು” ಎಂದಳು ಉಡಚಮ್ಮ.

“ಮುಚ್ಚಳ ಹಾಕೈತಲ್ಲಮ್ಮ.”

ಬೀರಲಿಂಗಪ್ಪ ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ್ದ. ಎಬ್ಬಿಸಿ ಕೇಳಿದಾಗ, “ಆನಲ್ಲ” ಎಂದ. ನಾನಲ್ಲ ಎನ್ನಲು ನಾಲಿಗೆ ತಿರುಗಲಿಲ್ಲ. ಲವಂಗದ ಎಣ್ಣೆ ತಾಗಿದರೆ ನಾಲಿಗೆ ಮರಗಟ್ಟುತ್ತದೆ, ಹಲ್ಲಿನ ಡಾಕ್ಟರು ಅದಕ್ಕೇ ಹಚ್ಚುವುದು. ಉಡಚಮ್ಮ ಬಗ್ಗಿ ಅವನ ಮುಖದ ಹತ್ತಿರ ಮುಖ ಇಟ್ಟಳು. ಎಷ್ಟೋ ವರ್ಷ ಪ್ರತಿ ಸಂಜೆ ಹಾಗೆ ಮೂಸಿ ನೋಡಿದವಳು. ನೆಟ್ಟಗಾದ ಮೇಲೆ ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು.

ಅಂಬಿಕಾ ಹೆದರಿದಳು. ಒಂದು ಹನಿ ಹಲ್ಲಿಗೆ ಹಚ್ಚುವುದು ಬೇರೆ, ಗುಟುಕು ಕುಡಿಯುವುದು ಬೇರೆ, ಬ್ಯಾಕ್ಟೀರಿಯಾದ ಪೊರೆ ತೂತು ಮಾಡುವುದು ಮನುಷ್ಯನ ಲಿವರ್ ಕಂಡರೆ ಸುಮ್ಮನಿರುವುದಿಲ್ಲ ಎಂದು ಅಳತೊಡಗಿದಳು. ಪಕ್ಕದ ಮನೆಯವರ ಬೈಕಿನಲ್ಲಿ ಅಪ್ಪನನ್ನು ಕೂರಿಸಿಕೊಂಡು ಸವಳಂಗದ ಡಾಕ್ಟರ ಹತ್ತಿರ ಕರೆದೊಯ್ದಳು. ನಾನೂ ಉಡಚಮ್ಮನೂ ಬಸ್ಸಿನಲ್ಲಿ ಹೋದೆವು. ಡಾಕ್ಟರು ಹೊಟ್ಟೆ ಒತ್ತಿ, ರಕ್ತ ತೆಗೆಸಿ, ಕುಡಿದದ್ದು ಹೆಚ್ಚುಪಾಲು ಮೇಲಿನ ನೀರು, ತಳದ್ದು ನಾಲಿಗೆಗೆ ತಾಗುತ್ತಲೇ ನಿಲ್ಲಿಸಿದ್ದಾರೆ, ಪುಣ್ಯ, ಎಂದರು. ಆದರೂ ಸಂಜೆವರೆಗೆ ಇಲ್ಲೇ ಇರಲಿ ಎಂದರು.

“ಯಾಕೆ ಕುಡಿದ್ರಿ?”

“ಹಲ್ಲು ನೋವು” ಎಂದ ಬೀರಲಿಂಗಪ್ಪ. ನಾಲಿಗೆ ಅಷ್ಟು ಹೊತ್ತಿಗೆ ಸುಳ್ಳು ಹೇಳುವಷ್ಟು ಸುಧಾರಿಸಿತ್ತು.

“ಯಾವ ಹಲ್ಲು?”

ಅವನು ಬೆರಳಿಟ್ಟು ತೋರಿಸಿದ. ಡಾಕ್ಟರು ಟಾರ್ಚು ಬಿಟ್ಟು ನೋಡಿದರು. ಅಲ್ಲಿ ಹಲ್ಲೇ ಇರಲಿಲ್ಲ.

ಅವರು ಹೋದ ಮೇಲೆ ಉಡಚಮ್ಮ ಸ್ಟೂಲಿನ ಮೇಲೆ ಕುಳಿತಳು. “ಲವಂಗದ್ದು ಅಂತ ಗೊತ್ತಿತ್ತಲ್ಲ. ನೀನೇ ಉರಿ ಹಾಕ್ದೆ.”

“ಗೊತ್ತಿತ್ತು.”

“ಮತ್ಯಾಕೆ?”

“ಭಟ್ಟಿಯಾಗೆ ಇಳಿದದ್ದಲ್ವಾ, ಏನಾರ ಒಂಚೂರು ಇರ್ತೈತೇನೋ ಅಂತ.” ಗೋಡೆಯ ಕಡೆ ಮುಖ ಮಾಡಿ ಅವನೇ, “ನಾನು ಪೂರಾ ಬಿಟ್ಟಿಲ್ಲ ಕಣೇ. ಈ ಸವಳಂಗಕ್ಕೆ ಬಂದಾಗ ಕುಡೀತೀನಿ. ನೀನು ಮೈಕಿನಾಗೆ ಹಂಗೆ ಹೇಳ್ತಿದ್ದೆ, ನಂಗೆ ಬಾಯಿ ಬರ್ಲಿಲ್ಲ” ಎಂದ.

ಉಡಚಮ್ಮ ಸ್ಟೂಲಿನಿಂದ ಎದ್ದಳು. ಹೊರಗೆ ಬಂದು ನಲ್ಲಿಯಲ್ಲಿ ಮುಖ ತೊಳೆದುಕೊಂಡಳು. ಮುಖ ಒದ್ದೆಯೇ ಇತ್ತು, ಮತ್ತೆ ತೊಳೆದುಕೊಂಡಳು. ಯಾರಿಗೂ ಹೇಳಬೇಡ ಎಂದು ನನಗೆ ಕೈಸನ್ನೆ ಮಾಡಿದಳು. ಹೇಳುವುದಿಲ್ಲ ಎಂದೆ. ಅವಳನ್ನು ತಬ್ಬಿಕೊಳ್ಳಬೇಕು ಅನ್ನಿಸಿತು, ತಬ್ಬಿಕೊಂಡೆ.

ಅಂಬಿಕಾ ಉಳಿದ ಎಣ್ಣೆ ತೆಗೆದುಕೊಂಡು ದಾವಣಗೆರೆಗೆ ಹೋದಳು. ಬಿಲ್ಲೆಗಳಿಗೆ ಅಷ್ಟು ಸಾಕಾಯಿತು. ಗ್ರಾಮಸಭೆಗೆ ಬರುವಾಗ ಫೋಟೋ ತಂದಿದ್ದಳು, ಲವಂಗದ ಸುತ್ತ ಅಗಲವಾದ ಉಂಗುರ. ಮಸಿಬಟ್ಟೆಯ ಬ್ಯಾಕ್ಟೀರಿಯಾ ಅದರೊಳಗೆ ಕಾಲಿಟ್ಟಿರಲಿಲ್ಲ. ಬರೀ ಲವಂಗ ಕುದಿಸಿದ ನೀರಿನಲ್ಲಿ ಅದ್ದಿದ ಬಿಲ್ಲೆಯ ಸುತ್ತ ಮಾತ್ರ ಏನೂ ಆಗಿರಲಿಲ್ಲ. ಕಷಾಯ ಕುಡಿದವರೆಲ್ಲ ಬದುಕಿದ್ದು ಕಷಾಯದಿಂದಲೇ ಅಲ್ಲ ಎಂದು ಆವತ್ತು ನನಗೆ ಗೊತ್ತಾಯಿತು, ಎಲ್ಲದಕ್ಕೂ ಕಷಾಯ ಕಾಸುವ ನಮ್ಮತ್ತೆಗೆ ಹೇಳಲಿಲ್ಲ.

ಸಭೆ ಸಮುದಾಯ ಭವನದಲ್ಲಿ ನಡೆಯಿತು. ತಾಲ್ಲೂಕಿನಿಂದ ಬಂದ ಅಧಿಕಾರಿ ಮೇಜಿನ ಹಿಂದೆ ಕುಳಿತರು. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ, ಬಾಗಿಲ ಹತ್ತಿರ ಗೋಡೆಗೆ ಒರಗಿ ಕೂತ ಬೀರಲಿಂಗಪ್ಪ. ಅಂಗಡಿ ಬೇಡ ಎಂದು ಉಡಚಮ್ಮ ಎದ್ದು ಹೇಳಿದಳು. ತಿಪ್ಪೇಶಪ್ಪ ಜೇಬಿನ ಪೆನ್ನು ಮುಟ್ಟಿ ನೋಡಿಕೊಂಡು ಎದ್ದ.

“ಸಾರ್, ಅಧ್ಯಕ್ಷರ ಹಿತ್ತಲಾಗೇ ಭಟ್ಟಿ ಐತೆ. ಫೋಟೋ ನೋಡ್ರಿ” ಎಂದು ಫೋನು ಮುಂದೆ ಹಿಡಿದ. ಸಭೆಯಲ್ಲಿ ಗುಜುಗುಜು ಎದ್ದಿತು.

ಅಂಬಿಕಾ ನಿಂತಳು. “ಸರ್, ಅದು ಎಸೆನ್ಶಿಯಲ್ ಆಯಿಲ್. ನನ್ನ ಪ್ರಾಜೆಕ್ಟಿಗೆ.”

“ಎಸೆನ್ಶಿಯಲ್ ಅಂದ್ರೆ ಅಗತ್ಯ ಅಲ್ಲೇನ್ರಿ?” ಎಂದ ತಿಪ್ಪೇಶಪ್ಪ. “ಎಣ್ಣೆ ಅಗತ್ಯ ಅಂತ ಅವರ ಮಗಳೇ ಹೇಳ್ತು. ನಾನೂ ಅದನ್ನೇ ಹೇಳ್ತಿರೋದು.”

ಜನ ಬಿದ್ದು ಬಿದ್ದು ನಕ್ಕರು. ನನಗೂ ನಗು ಬಂತು, ನಾಚಿಕೆಗೇಡು. ಅಂಬಿಕಾ ಹೋಗಿ ಸಣ್ಣ ಶೀಸೆಯ ಮುಚ್ಚಳ ತೆಗೆದು ಅಧಿಕಾರಿಯ ಮೂಗಿಗೆ ಹಿಡಿದಳು. ಅವರು ಎರಡು ಸಲ ಸೀನಿ, ಲವಂಗ, ಹೆಂಡ ಅಲ್ಲ, ಮುಂದಿನ ವಿಷಯ ಎಂದರು. ಅಲ್ಲಿಗೆ ಭಟ್ಟಿಯ ಆಪಾದನೆ ಮುಗಿಯಿತು. ಉಡಚಮ್ಮನ ಹೆಸರಿಗೆ ಒಂದು ಚುಕ್ಕೆಯೂ ಹತ್ತಲಿಲ್ಲ. ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು.

ತಿಪ್ಪೇಶಪ್ಪ ಬಿಡಲಿಲ್ಲ. ದನಿ ಮೆತ್ತಗೆ ಮಾಡಿದ. “ತಪ್ಪಾಯ್ತು ಬಿಡಮ್ಮ, ಉಡಚಮ್ಮ ದೊಡ್ಡೋರು. ಅವರನ್ನೇ ಉದಾಹರಣೆ ತಗೊಳ್ರಿ ಸಾರ್. ಅವರ ಯಜಮಾನ್ರು ಬೀರಲಿಂಗಪ್ಪ ಹೆಂಗೆ ಕುಡೀತಿದ್ರು! ಇವತ್ತು ಮುಟ್ಟಲ್ಲ. ಸವಳಂಗದಾಗೆ ಅಂಗಡಿ ಇಲ್ವಾ? ಐತೆ. ಆದ್ರೂ ಮುಟ್ಟಲ್ಲ. ಬಿಡೋ ಮನುಷ್ಯ ಎಲ್ಲಿದ್ರೂ ಬಿಡ್ತಾನೆ ಸಾರ್, ಕುಡಿಯೋನು ಎಲ್ಲಿದ್ರೂ ಕುಡೀತಾನೆ. ಅಂಗಡಿ ಎಲ್ಲೈತೆ ಅನ್ನೋದ್ರಾಗೆ ಏನೂ ಇಲ್ಲ. ಹೌದೋ ಅಲ್ವೋ ಅವರೇ ಹೇಳ್ಲಿ.”

ಗಂಡಸರ ಕಡೆಯಿಂದ ಹೌದು ಹೌದು ಎಂದು ಕೂಗು ಬಂತು. ಹೆಂಗಸರಲ್ಲೂ ಕೆಲವರು ತಲೆಯಾಡಿಸಿದರು. ಮಾತು ಅಷ್ಟು ಸರಿಯಾಗಿ ಕೇಳುತ್ತಿತ್ತು. ನಾನು ಉಡಚಮ್ಮನ ಸೆರಗು ಹಿಡಿದು ಎಳೆದೆ, ಸುಮ್ಮನಿರು ಎಂದು. ನಾನಾಗಿದ್ದರೆ ಇನ್ನೇನಾದರೂ ಕಟ್ಟಿ ಹೇಳುತ್ತಿದ್ದೆ, ಆಣೆ ಮಾಡಿ ಹೇಳುತ್ತಿದ್ದೆ. ಅವಳು ಸೆರಗು ಬಿಡಿಸಿಕೊಂಡು ಎದ್ದಳು.

“ನನ್ನ ಗಂಡ ಬಿಟ್ಟಿಲ್ಲ” ಎಂದಳು.

ಹೌದು ಹೌದು ಎಂದವರು ಅವಳ ಕಡೆ ತಿರುಗಿದರು.

“ಬಿಟ್ಟಾನೆ ಅಂತ ನಾನು ಊರೂರಾಗೆ ಹೇಳ್ಕೊಂಡು ಬಂದೆ. ನಂಗೇ ಗೊತ್ತಿರ್ಲಿಲ್ಲ. ಮೊನ್ನೆ ಮಗಳು ಇಳಿಸಿದ ಈ ಲವಂಗದ ಎಣ್ಣಿ ಬಾಟ್ಲಿನಾಗಿಂದು ಕುಡಿದ. ಹೆಂಡ ಅಲ್ಲ ಅಂತ ಗೊತ್ತಿದ್ದೂ ಕುಡಿದ. ಆಸ್ಪತ್ರೆಗೆ ಹಾಕ್ಕೊಂಡು ಹೋದ್ವಿ.” ಅವಳ ದೊಡ್ಡ ದನಿ ಅಲ್ಲಿ ಒಡೆಯಿತು. “ಗೂಡಿನಾಗಿಟ್ಟ ಲವಂಗದ ನೀರನ್ನೇ ಬಿಡ್ಲಿಲ್ಲ ಅಂದ್ರೆ, ಬೀದಿಯಾಗೆ ಅಂಗಡಿ ಇಟ್ರೆ ಬಿಡ್ತಾನೇನ್ರಿ? ತಿಪ್ಪೇಶಣ್ಣ, ನೀನೇ ಹೇಳು.”

ಎಲ್ಲರೂ ಬಾಗಿಲ ಕಡೆ ತಿರುಗಿ ಬೀರಲಿಂಗಪ್ಪನನ್ನು ನೋಡಿದರು. ಅವನು ಎದ್ದು ಹೊರಗೆ ಹೋಗುತ್ತಾನೆ ಎಂದುಕೊಂಡೆ. ಹೋಗಲಿಲ್ಲ.

ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡು, ಅಂಗಡಿ ಬೇಡ ಎನ್ನುವವರು ಕೈ ಎತ್ತಿ ಎಂದರು. ಮೊದಲು ಎದ್ದದ್ದು ಬಾಗಿಲ ಹತ್ತಿರದ ಕೈ.

“ನೀವು ಅವರ ಯಜಮಾನರಲ್ವಾ?” ಎಂದರು ಅಧಿಕಾರಿ. “ಹೆಂಡತಿಗೆ ಹೆದರಿ ಕೈ ಎತ್ತಬೇಡಿ. ನಿಮ್ಮ ಮನಸ್ಸಿನಲ್ಲಿರೋದು ಹೇಳಿ.”

“ಹೆದರೋ ಹಂಗಿದ್ರೆ ಕುಡೀತಿದ್ನೇನ್ರಿ?” ಎಂದ ಬೀರಲಿಂಗಪ್ಪ. ಕೈ ಇಳಿಸಲಿಲ್ಲ. “ಸವಳಂಗಕ್ಕೆ ನಡ್ಕೊಂಡು ಹೊರಟಾಗ ದಾರಿಯಾಗೆ ಮನಸ್ಸು ಬದಲಾಗ್ತೈತೆ ರೀ. ಇವಳ ನೆಪ್ಪು ಬರ್ತೈತೆ, ಮಗಳ ನೆಪ್ಪು ಬರ್ತೈತೆ. ಎಷ್ಟೋ ಸಲ ಅರ್ಧಕ್ಕೆ ತಿರುಗಿ ಬಂದೀನಿ. ನಂಗೆ ಇರೋದು ಆ ದಾರಿ ಒಂದೇ. ಅಂಗಡಿ ಇಲ್ಲಿಗೆ ತಂದು ಅದನ್ನೂ ತೆಗೀಬ್ಯಾಡ್ರಿ.”

ನಾನು ಕೈ ಎತ್ತಿದೆ, ಕಣ್ಣು ಮಂಜಾಗಿ ಎದುರಿಗೆ ಯಾರೂ ಕಾಣಲಿಲ್ಲ. ಹೆಂಗಸರ ಕಡೆ ಕೈಗಳೆಲ್ಲ ಎದ್ದಿದ್ದವು. ಆಮೇಲೆ ಗಂಡಸರ ಕಡೆ ಒಂದೊಂದಾಗಿ ಎದ್ದವು, ಮೊದಲು ಎತ್ತಿದವರು ನಮ್ಮೂರಿನ ಹೆಸರಾಂತ ಕುಡುಕರು. ಅಧಿಕಾರಿ ಎಣಿಸಿದರು, ತಪ್ಪಿತು, ಮತ್ತೆ ಎಣಿಸಿದರು. ಅಂಗಡಿ ಬೇಡ ಎಂದು ನಿರ್ಣಯ ಬರೆದುಕೊಂಡರು. ತಿಪ್ಪೇಶಪ್ಪ ಸಹಿಗೆ ಪೆನ್ನು ಕೊಟ್ಟ, ಅದು ಬರೆಯಲಿಲ್ಲ.

ಉಡಚಮ್ಮ ಎಣಿಕೆಯ ಕಡೆ ನೋಡಲೇ ಇಲ್ಲ. ಜನ ಚದುರಿದ ಮೇಲೆ ಬಾಗಿಲಿಗೆ ಬಂದಳು. ಬೀರಲಿಂಗಪ್ಪ ತಲೆ ತಗ್ಗಿಸಿ ಚಪ್ಪಲಿ ರಾಶಿಯಲ್ಲಿ ತನ್ನದನ್ನು ಹುಡುಕುತ್ತಿದ್ದ. ಅವಳು ಬಗ್ಗಿ, ಎರಡನ್ನೂ ಹುಡುಕಿ ತೆಗೆದು, ಅವನ ಕಾಲ ಹತ್ತಿರ ಇಟ್ಟಳು.

“ನಡಿ, ಮನೆಗೆ ಹೋಗಾನ” ಎಂದಳು.